ದಿಂಬಂ ಘಟ್ಟ ಇಳಿಯುವ ಅರಿಶಿನ

ಅರಿಶಿನ ಪುಡಿಯ ಪ್ಯಾಕೆಟ್ ಕೈಗೆ ಬಂದರೆ ಹಿಂದೆ ತಿರುಗಿಸಿ ತಯಾರಕರ ವಿಳಾಸ ಓದೋದು ನನಗೊಂದು ಚಟ. ಈರೋಡು ಸಿಗುತ್ತೆ, ಸಾಂಗ್ಲಿ ಸಿಗುತ್ತೆ, ದೂರದ ಯಾವುದೋ ರಾಜ್ಯದ ಕೈಗಾರಿಕಾ ಪ್ರದೇಶ ಸಿಗುತ್ತೆ. ಚಾಮರಾಜನಗರ ಅಂತ ಅಚ್ಚಾಗಿರೋ ಪ್ಯಾಕೆಟ್ ಇದುವರೆಗೆ ನನ್ನ ಕೈಗೆ ಬಂದಿಲ್ಲ. ಊಟಿಗೋ ವಯನಾಡಿಗೋ ಹೋಗುವಾಗ ನಂಜನಗೂಡು ದಾಟಿ ಬೇಗೂರು, ಗುಂಡ್ಲುಪೇಟೆ ಮೇಲೆ ಕಾರು ಓಡಿಸಿದವರಿಗೆ ಇದು ವಿಚಿತ್ರ ಅನ್ನಿಸಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಆ ರಸ್ತೆಯ ಪಕ್ಕದಲ್ಲಿ ಎದೆಯೆತ್ತರ ನಿಂತಿರುವ ಅಗಲ ಎಲೆಯ ಗಿಡ ಅರಿಶಿನವೇ. ನಾವು ಸೆಲ್ಫಿ ತೆಗೆಯೋಕೆ ಇಳಿಯೋದು ಮಾತ್ರ ಪಕ್ಕದ ಚೆಂಡು ಹೂವಿನ ಹೊಲಕ್ಕೆ.

2020ರಲ್ಲಿ ಕೇಂದ್ರ ಸರ್ಕಾರ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ ಪಿಎಂಎಫ್‌ಎಂಇ ಅನ್ನೋ ಯೋಜನೆ ತಂದಿತು. ಹತ್ತು ಸಾವಿರ ಕೋಟಿ ರೂಪಾಯಿ, ಎರಡು ಲಕ್ಷ ಘಟಕಗಳ ಗುರಿ. ಅದರೊಳಗೆ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಅಂತ ಒಂದು ಪಟ್ಟಿ. ಉಡುಪಿ ಮತ್ತು ದಕ್ಷಿಣ ಕನ್ನಡಕ್ಕೆ ಸಮುದ್ರದ ಮೀನು, ಮಂಡ್ಯಕ್ಕೆ ಬೆಲ್ಲ, ಕೊಡಗಿಗೆ ಕಾಫಿ, ಚಾಮರಾಜನಗರಕ್ಕೆ ಅರಿಶಿನ. ಪಟ್ಟಿ ಸರಿಯಾಗೇ ಇದೆ. ಇಷ್ಟು ದಿನ ಇದೆಲ್ಲ ಯಾಕೆ ಆಗಿರಲಿಲ್ಲ ಅಂತ ಕೇಳಿದರೆ ಸಿಗುವ ಮಾಮೂಲಿ ಉತ್ತರದ ಬಗ್ಗೆ ನನ್ನ ತಕರಾರು. ರೈತರಿಗೆ ಮೌಲ್ಯವರ್ಧನೆ ಗೊತ್ತಿಲ್ಲ, ತರಬೇತಿ ಕೊಡಬೇಕು, ಯಂತ್ರ ಕೊಡಬೇಕು ಅಂತಾರೆ.

ಅರಿಶಿನ ಬೆಳೆಯುವವರಿಗೆ ಸಂಸ್ಕರಣೆ ಗೊತ್ತಿಲ್ಲ ಅನ್ನೋದು ತಮಾಷೆಯ ಮಾತು. ಟೊಮೇಟೊ ಥರ ಕಿತ್ತು ಕ್ರೇಟಿಗೆ ತುಂಬಿ ಕಳಿಸುವ ಬೆಳೆ ಅಲ್ಲ ಇದು. ಎಂಟೊಂಬತ್ತು ತಿಂಗಳ ಬೆಳೆ. ಕಿತ್ತ ಮೇಲೆ ತಾಯಿಗಡ್ಡೆ ಬೇರೆ, ಬೆರಳಿನಂಥ ಕೊಂಬು ಬೇರೆ ಮಾಡಬೇಕು. ಎರಡು ಮೂರು ದಿನದೊಳಗೆ ಬೇಯಿಸಬೇಕು. ನೊರೆ ಬಂದು, ಹೊಗೆಯ ಜೊತೆ ಅರಿಶಿನದ ಘಾಟು ಏಳಬೇಕು; ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಜಾಸ್ತಿ ಬೆಂದರೆ ಬಣ್ಣ ಹೋಯ್ತು, ಕಮ್ಮಿ ಬೆಂದರೆ ಒಣಗಿದ ಮೇಲೆ ಪುಡಿಪುಡಿ ಮುರಿಯುತ್ತೆ. ಆಮೇಲೆ ಹತ್ತು ಹದಿನೈದು ದಿನ ಬಿಸಿಲಲ್ಲಿ ಹರಡಿ, ರಾತ್ರಿ ಗುಡ್ಡೆ ಮಾಡಿ ಮುಚ್ಚಿ, ಮತ್ತೆ ಹರಡಿ ಒಣಗಿಸೋದು. ಕೊನೆಗೆ ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್. ನೂರು ಕೆಜಿ ಹಸಿ ಅರಿಶಿನ ಹಾಕಿದರೆ ಕೈಗೆ ಬರೋದು ಇಪ್ಪತ್ತು ಕೆಜಿ ಆಸುಪಾಸು. ಹಿಂದೆ ಕೊಪ್ಪರಿಗೆಯಲ್ಲಿ ಕಬ್ಬಿನ ತರಗು ಉರಿಸಿ ಬೇಯಿಸುತ್ತಿದ್ದರು, ಈಗ ಊರಿಂದೂರಿಗೆ ಎಳೆದುಕೊಂಡು ಹೋಗುವ ಹಬೆಯ ಬಾಯ್ಲರ್ ಬಂದಿದೆ. ಒಟ್ಟಿನಲ್ಲಿ ಸಂಸ್ಕರಣೆಯ ಮುಕ್ಕಾಲು ಪಾಲು, ಅದರಲ್ಲೂ ಬೆವರು ಹರಿಯುವ ಪಾಲು, ಹೊಲದ ಬದಿಯಲ್ಲೇ ನಡೆದುಹೋಗುತ್ತೆ. ಉಳಿಯೋದು ಸಂಗ್ರಹ, ವಿಂಗಡಣೆ, ಪುಡಿ, ಪ್ಯಾಕೆಟ್. ದುಡ್ಡಿರೋದು ಅಲ್ಲಿ. ಅದು ನಡೆಯೋದು ದಿಂಬಂ ಘಟ್ಟದ ಇಪ್ಪತ್ತೇಳು ತಿರುವು ಇಳಿದ ಮೇಲೆ, ಸತ್ಯಮಂಗಲದ ಆಚೆ, ಈರೋಡಿನಲ್ಲಿ.

ಈರೋಡೇ ಯಾಕೆ? ಅಲ್ಲಿಯೂ ಅರಿಶಿನ ಬೆಳೆಯುತ್ತಾರೆ ನಿಜ, 13ನೇ ಶತಮಾನದ ಕಾಳಿಂಗರಾಯನ್ ಕಾಲುವೆಯ ದಂಡೆ ಅರಿಶಿನಕ್ಕೆ ಹೆಸರಾದ ಜಾಗ. ಆದರೆ ಊರು ಮಾರುಕಟ್ಟೆಯಾಗಿ ಬೆಳೆದಿದ್ದರ ಹಿಂದೆ ರೈಲೂ ಇದೆ ಅಂತ ನನ್ನ ಲೆಕ್ಕ. ಮದ್ರಾಸಿನಿಂದ ಪಶ್ಚಿಮ ಕರಾವಳಿಯ ಬೇಪೂರಿಗೆ ಹೋಗುವ ರೈಲು ಮಾರ್ಗ 1862ರಲ್ಲೇ ಮುಗಿಯಿತು, ಈರೋಡು ಅದರ ಮೇಲಿದೆ. ನಮ್ಮ ಕಡೆ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಿದ್ದು 1891ರಲ್ಲಿ. ಅಲ್ಲಿಂದ ಚಾಮರಾಜನಗರದ ಮೂವತ್ತು ಚಿಲ್ಲರೆ ಕಿಲೋಮೀಟರು ಮುಟ್ಟೋಕೆ 1920ರ ದಶಕ ಬೇಕಾಯಿತು. ಮುಟ್ಟಿ ಅಲ್ಲೇ ನಿಂತಿತು. ಮೆಟ್ಟುಪಾಳ್ಯಂಗೆ ಜೋಡಿಸುವ ಮಾತು ತಲೆಮಾರುಗಳಿಂದ ನಡೀತಾನೇ ಇದೆ. ನಡುವೆ ಕಾಡು ಇದೆ, ಆನೆ ಹುಲಿ ಇವೆ, ಹಳಿ ಬರಲಿಲ್ಲ, ಬರುವ ಲಕ್ಷಣವೂ ಇಲ್ಲ. (ಕಾಡಿನ ದೃಷ್ಟಿಯಿಂದ ನನಗೇನೂ ಬೇಸರವಿಲ್ಲ.) ಹಾಗಾಗಿ ಈರೋಡಿನ ವರ್ತಕರಿಗೆ ದೇಶದ ಖರೀದಿದಾರರು ಸಿಕ್ಕಿ ಅರವತ್ತು ವರ್ಷ ಕಳೆದ ಮೇಲೆ ನಮ್ಮವರಿಗೆ ಒಂದು ಕೊನೇ ಸ್ಟೇಷನ್ ಸಿಕ್ಕಿತು.

ಇನ್ನೊಂದು ಮರೆತುಹೋದ ಸಂಗತಿ: 1956ರ ತನಕ ಈಗಿನ ಜಿಲ್ಲೆಯ ದೊಡ್ಡ ತುಂಡು, ಅಂದರೆ ಕೊಳ್ಳೇಗಾಲ ತಾಲ್ಲೂಕು, ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಘಟ್ಟದ ಕೆಳಗಿನ ಸಂತೆಗಳು ಅವರಿಗೆ ತಮ್ಮದೇ ಜಿಲ್ಲೆಯವು. ರಾಜ್ಯಗಳ ಗಡಿ ಆಮೇಲೆ ಬಂತು, ಗಾಡಿ ಹೋಗುವ ದಾರಿ ಬದಲಾಗಲಿಲ್ಲ. ಇವತ್ತು ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರ ಬಂದ್, ದಿಂಬಂ ದಾರಿಯಲ್ಲೂ ರಾತ್ರಿ ನಿರ್ಬಂಧ ಬಂದಿದೆ. ಅರಿಶಿನ ಹಗಲು ಹೊತ್ತು ಇಳಿಯುತ್ತೆ, ಅಷ್ಟೇ ವ್ಯತ್ಯಾಸ.

ರೈಲು ಮಾತ್ರ ಕಾರಣ ಅಂದರೆ ಅರ್ಧ ಕಥೆ. ತೆರಕಣಾಂಬಿ ಕಡೆಯ ರೈತರೊಬ್ಬರು ನನಗೆ ಉಳಿದರ್ಧವನ್ನು ಒಂದೇ ಮಾತಲ್ಲಿ ಹೇಳಿದರು: “ಬೇಯ್ಸದು ಗೊತ್ತು ಕನ ಸಾ, ಕಾಯದೇ ಆಗದಿಲ್ಲ.” ಒಣ ಅರಿಶಿನ ಹುಳ ಬೀಳದ ಹಾಗೆ ನೋಡಿಕೊಂಡರೆ ವರ್ಷಗಟ್ಟಲೆ ಇರುತ್ತೆ. ಸಾಂಗ್ಲಿಯ ಹತ್ತಿರದ ಹರಿಪುರದಲ್ಲಿ ಅದಕ್ಕೆಂದೇ ನೆಲದೊಳಗೆ ದೊಡ್ಡ ದೊಡ್ಡ ಗುಂಡಿಗಳಿದ್ದವು, ನಮ್ಮ ರಾಗಿಯ ಹಗೇವುಗಳ ಹಾಗೆ. ಇರುವ ಬೆಳೆ ಆದ್ದರಿಂದಲೇ ಇದರಲ್ಲಿ ಲಾಭ ಮಾಡೋದು ಇಟ್ಟುಕೊಳ್ಳಲು ತಾಕತ್ತಿರುವವನು. ಬೆಲೆ ನೋಡಿ. 2010ರಲ್ಲಿ ಕ್ವಿಂಟಲಿಗೆ ಹದಿನೈದು ಸಾವಿರ ದಾಟಿತ್ತು. ಎಲ್ಲರೂ ಅರಿಶಿನ ಹಾಕಿದರು. 2012ರ ಹೊತ್ತಿಗೆ ಐದು ಸಾವಿರದ ಕೆಳಗೆ ಬಿತ್ತು. 2023ರಲ್ಲಿ ಮತ್ತೆ ಹತ್ತು ಸಾವಿರ ದಾಟಿತು. ಇಂಥ ಏರಿಳಿತದಲ್ಲಿ ಎರಡು ವರ್ಷ ಗೋದಾಮಿನಲ್ಲಿ ಇಟ್ಟವನ ಕಥೆ ಬೇರೆ, ಬಿತ್ತನೆ ಗಡ್ಡೆಯ ಸಾಲ, ಕೂಲಿ, ಮಗಳ ಕಾಲೇಜು ಫೀಸು ತೀರಿಸಲು ಮಾರ್ಚಿನಲ್ಲೇ ಮಾರಿದವನ ಕಥೆ ಬೇರೆ. ಈರೋಡಿನ ಮಂಡಿಯವರು ಕೊಡುವುದು ಇದನ್ನೇ: ಸರಕು ಇಡಲು ಜಾಗ, ಅದರ ಮೇಲೆ ಮುಂಗಡ. ಮುಂಗಡ ತೆಗೆದುಕೊಂಡವರು ಮಾರುವಾಗ ಬೇರೆ ಅಂಗಡಿಗೆ ಹೋಗೋದು ಕಷ್ಟ ಅನ್ನೋದನ್ನ ಯಾರೂ ಬರೆದು ತೋರಿಸಬೇಕಿಲ್ಲ.

ಈ ಸಮಸ್ಯೆಯನ್ನು ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಕೂಲಂಕಷವಾಗಿ ನೋಡಿದ ಒಬ್ಬ ಮನುಷ್ಯ ಇದ್ದ, ಅವನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಫ್ರೆಡರಿಕ್ ನಿಕೋಲ್ಸನ್, ಮದ್ರಾಸ್ ಪ್ರಾಂತ್ಯದ ಐಸಿಎಸ್ ಅಧಿಕಾರಿ. 1887ರಲ್ಲಿ ಕೊಯಮತ್ತೂರು ಜಿಲ್ಲೆಯ ಕೈಪಿಡಿ ಬರೆದವನು, ಅಂದರೆ ನಮ್ಮ ಕೊಳ್ಳೇಗಾಲವೂ ಸೇರಿದ್ದ ಜಿಲ್ಲೆಯದ್ದು. ರೈತರ ಸಾಲದ ವ್ಯವಸ್ಥೆ ಹೇಗಿರಬೇಕು ಅಂತ ಅಧ್ಯಯನ ಮಾಡಲು ಸರ್ಕಾರ ಅವನಿಗೇ ಹೇಳಿತು. 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿ ಬಂತು. ಯುರೋಪಿನ ಬ್ಯಾಂಕುಗಳನ್ನೆಲ್ಲ ಜಾಲಾಡಿ ಅವನು ಬಂದು ನಿಂತಿದ್ದು ಜರ್ಮನಿಯ ರೈಫೈಸೆನ್ ಹಳ್ಳಿಗಳಲ್ಲಿ ಕಟ್ಟಿದ ಸಣ್ಣ ಸಾಲದ ಸಂಘಗಳ ಮೇಲೆ. ಒಬ್ಬರಿಗೊಬ್ಬರು ಗೊತ್ತಿರುವ ಊರಿನವರೇ ಸೇರಿ ನಡೆಸುವ ಸಂಘ. 1904ರ ಸಹಕಾರಿ ಸಾಲ ಸಂಘಗಳ ಕಾಯ್ದೆಯ ಹಿಂದೆ ಈ ವರದಿ ಇದೆ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಹುಟ್ಟಿದ್ದು ಆ ಕಾಯ್ದೆಯಡಿಯಲ್ಲೇ. ನಮ್ಮ ಊರೂರಿನ ಸೊಸೈಟಿಗಳ ವಂಶಾವಳಿ ಇಲ್ಲಿಂದ ಶುರು.

ಸಾಲದ ವರದಿ ಬರೆದ ಈ ನಿಕೋಲ್ಸನ್ ಆಮೇಲೆ ಹೋಗಿದ್ದು ಮೀನಿನ ಕಡೆಗೆ. ನನಗೆ ಇದು ಕಾಕತಾಳೀಯ ಅನ್ನಿಸೋದಿಲ್ಲ. ಅರಿಶಿನ ಕಾಯುತ್ತೆ, ಮೀನು ಒಂದು ದಿನವೂ ಕಾಯೋದಿಲ್ಲ. ದಕ್ಷಿಣ ಕನ್ನಡ ಮತ್ತು ಮಲಬಾರಿನ ಕಡಲಿಗೆ ಬೂತಾಯಿ ಹಿಂಡು ಹಿಂಡಾಗಿ ಬಂದ ದಿನ ಬೆಲೆ ನೆಲಕ್ಕೆ ಬೀಳುತ್ತಿತ್ತು. ಉಪ್ಪು ಹಾಕಿ ಒಣಗಿಸೋಣ ಅಂದರೆ ಉಪ್ಪಿನ ಮೇಲೆ ಸರ್ಕಾರದ ಸುಂಕ. ಮೀನಿಗಿಂತ ಉಪ್ಪು ದುಬಾರಿಯಾದಾಗ ಬೆಸ್ತರು ಕೊಳೆತ ಮೀನು, ಅರೆಬರೆ ಒಣಗಿದ ಮೀನು ಮಾರುತ್ತಿದ್ದರು. 1873ರಲ್ಲಿ ಫ್ರಾನ್ಸಿಸ್ ಡೇ ಅನ್ನೋ ಮೀನುಶಾಸ್ತ್ರಜ್ಞ ತನ್ನ ವರದಿಯಲ್ಲಿ ಇದನ್ನು ಎತ್ತಿ ಹೇಳಿದ. ಅದಾದ ಮೇಲಿನ ವರ್ಷಗಳಲ್ಲಿ ಮದ್ರಾಸ್ ಸರ್ಕಾರ ಕರಾವಳಿಯುದ್ದಕ್ಕೂ ಬೇಲಿ ಹಾಕಿದ ಮೀನು ಉಪ್ಪೂರಿಸುವ ಅಂಗಳಗಳನ್ನು ತೆರೆಯಿತು. ಅದರೊಳಗೆ ಬಂದು ಉಪ್ಪು ಹಾಕಿದರೆ ಉಪ್ಪಿಗೆ ಸುಂಕವಿಲ್ಲ. ಯಂತ್ರ ಇಲ್ಲ, ತರಬೇತಿ ಇಲ್ಲ, ಸುಂಕ ಒಂದನ್ನು ತೆಗೆದಿದ್ದಷ್ಟೇ.

ನಿಕೋಲ್ಸನ್ 1907ರಲ್ಲಿ ಶುರುವಾದ ಮದ್ರಾಸ್ ಮೀನುಗಾರಿಕಾ ಇಲಾಖೆಯನ್ನು ಕಟ್ಟಿದ. ಅವನ ಡಬ್ಬಿ ಮೀನಿನ ಪ್ರಯೋಗ, ಇಂಗ್ಲಿಷ್ ಮಾದರಿಯ ದೊಡ್ಡ ಕನಸುಗಳು ಹೆಚ್ಚು ದೂರ ಹೋಗಲಿಲ್ಲ. ಹಬ್ಬಿಕೊಂಡಿದ್ದು ತೀರಾ ಸಾದಾ ಕೆಲಸ. ಬೂತಾಯಿಯನ್ನು ತಾಜಾ ಇರುವಾಗಲೇ ಬಾಣಲೆಯಲ್ಲಿ ನೀರು ಹಾಕಿ ಬೇಯಿಸೋದು, ನಾರಿನ ಚೀಲಕ್ಕೆ ತುಂಬಿ ಹಿಂಡೋದು, ಮೇಲೆ ತೇಲಿದ ಎಣ್ಣೆ ತೆಗೆಯೋದು, ಉಳಿದ ಹಿಂಡಿಯನ್ನು ಒಣಗಿಸಿ ಕಾಫಿ ಟೀ ತೋಟಗಳಿಗೆ ಗೊಬ್ಬರವಾಗಿ ಮಾರೋದು. ಅಲ್ಲಿಯವರೆಗೆ ಎಣ್ಣೆಗಾಗಿ ಮೀನನ್ನು ಕೊಳೆಯಲು ಬಿಡುತ್ತಿದ್ದ ಕರಾವಳಿಯಲ್ಲಿ ಕೆಲವೇ ವರ್ಷದಲ್ಲಿ ಇಂಥ ನೂರಾರು ಸಣ್ಣ ಕಾರ್ಖಾನೆಗಳು ಎದ್ದವು, ಅನೇಕವನ್ನು ನಡೆಸಿದ್ದು ಮೀನುಗಾರರೇ. ಒಂದು ಬಾಣಲೆ, ಒಂದು ಒತ್ತುಯಂತ್ರ, ಸೌದೆ. ಕೊಳ್ಳುವವರು ಮೊದಲೇ ಇದ್ದರು, ಸರಕು ಹೊರಡಲು ಬಂದರು ಪಕ್ಕದಲ್ಲೇ ಇತ್ತು. ಮುಖ್ಯವಾಗಿ, ಬೆಲೆ ಬಿದ್ದ ದಿನ ಮೀನನ್ನು ಕೊಂಡು ಎಣ್ಣೆಯಾಗಿ ಇಟ್ಟುಕೊಳ್ಳುವ ದಾರಿ ಸಿಕ್ಕಿತು. ಗುಂಡ್ಲುಪೇಟೆಯ ಅರಿಶಿನಕ್ಕೂ ಬೂತಾಯಿಗೂ ಎಲ್ಲಿಯ ಸಂಬಂಧ ಅಂದುಕೊಂಡರೆ, ಇದೇ.

ನಮ್ಮ ಜಿಲ್ಲೆಯಲ್ಲಿ ಕಾಯದ ಬೆಳೆಯೊಂದಿದೆ, ರೇಷ್ಮೆ ಗೂಡು. ಹುಳ ಗೂಡು ಕಟ್ಟಿ ಹತ್ತು ದಿನದ ಸುಮಾರಿಗೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತೆ, ಆಮೇಲೆ ನೂಲು ಸಿಗೋದಿಲ್ಲ. ಮಾರುವವನಿಗೆ ಅವಸರ, ಕೊಳ್ಳುವವನಿಗೆ ಗೊತ್ತು. ಇಲ್ಲಿ ಸರ್ಕಾರ ಅರಿಶಿನಕ್ಕೆ ಮಾಡದ್ದನ್ನು ಮಾಡಿತು. 1959ರ ಕಾಯ್ದೆ ತಂದು ಗೂಡು, ನೂಲಿನ ವ್ಯಾಪಾರವನ್ನು ನಿಯಂತ್ರಣಕ್ಕೆ ತಂದಿತು, ಸರ್ಕಾರಿ ಗೂಡಿನ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜು ಬಂತು. ಚಾಮರಾಜನಗರ, ಸಂತೆಮರಹಳ್ಳಿ, ಮಾಂಬಳ್ಳಿಗಳಲ್ಲಿ ಸರ್ಕಾರದ್ದೇ ನೂಲು ಬಿಚ್ಚಾಣಿಕೆ ಕಾರ್ಖಾನೆಗಳಿದ್ದವು; ಹಳ್ಳಿಯ ಹೆಣ್ಣುಮಕ್ಕಳು ಪಾಳಿಯ ಮೇಲೆ ಕೆಲಸಕ್ಕೆ ಹೋಗುತ್ತಿದ್ದ ಜಾಗಗಳವು. ಆ ಕಾರ್ಖಾನೆಗಳು ಹಳೆಯ ಯಂತ್ರ, ನಷ್ಟ ಅಂತ ಸೊರಗಿದವು, ಅದರ ಬಗ್ಗೆ ಬೇಕಾದಷ್ಟು ದೂರಿದೆ. ಹರಾಜು ಮಾತ್ರ ಉಳಿಯಿತು. ಗೂಡು ತಂದವರು ಆವತ್ತಿನ ದರ ಎಷ್ಟು ಅಂತ ಬೇರೆ ಮಾರುಕಟ್ಟೆಗಳ ಜೊತೆ ಹೋಲಿಸಿ ಮಾತಾಡುತ್ತಾರೆ. ಅರಿಶಿನದ ಮಾರಾಟದಲ್ಲಿ ಇವತ್ತಿಗೂ ವರ್ತಕನ ಕಣ್ಣೇ ಅಳತೆ: ಬೆರಳಿನ ಉದ್ದ, ಬಣ್ಣ, ಹೊಳಪು. ಔಷಧಿ ಕಂಪನಿಗೆ ಬೇಕಾದ ಕರ್ಕ್ಯುಮಿನ್ ಅಂಶ ಎಷ್ಟಿದೆ ಅಂತ ಹೊಲದ ಬದಿಯಲ್ಲಿ ಯಾರೂ ಅಳೆಯೋದಿಲ್ಲ. ಕೋಯಿಕ್ಕೋಡಿನ ಸಂಬಾರ ಸಂಶೋಧನಾ ಸಂಸ್ಥೆಯ ‘ಪ್ರತಿಭಾ’ ತಳಿಯಲ್ಲಿ ಅದು ಶೇ. 6ರ ಆಸುಪಾಸು ಇರುತ್ತೆ. ಅದನ್ನು ಬೆಳೆದವರಿಗೆ ಆ ಅಂಕಿಯ ಬೆಲೆ ಸಿಗಬೇಕಾದರೆ ಮೊದಲು ಯಾರಾದರೂ ಅಳೆದು ಚೀಟಿ ಕೊಡಬೇಕು.

ಚೆಂಡು ಹೂವಿನದ್ದು ಇದಕ್ಕೆ ಪೂರ್ತಿ ಉಲ್ಟಾ ಕಥೆ. ಕಂಪನಿ ಬೀಜ ಕೊಡುತ್ತೆ, ದರ ಮೊದಲೇ ಗೊತ್ತು, ಹೂ ಕಿತ್ತು ತೂಕ ಹಾಕಿದರೆ ಮುಗಿಯಿತು. ಹೂವಿನ ಬಣ್ಣ ಕೋಳಿ ಆಹಾರದ ಮೂಲಕ ಮೊಟ್ಟೆಯ ಹಳದಿಗೂ, ಕಣ್ಣಿನ ಮಾತ್ರೆಗೂ ಹೋಗುತ್ತೆ. ರೈತರಿಗೆ ಅಪಾಯ ಕಮ್ಮಿ, ಹಾಗೇ ಕೂಲಿ ಬಿಟ್ಟು ಇನ್ನೇನೂ ಊರಲ್ಲಿ ಉಳಿಯೋದಿಲ್ಲ. ದೊಡ್ಡ ಕಾರ್ಖಾನೆ ಹತ್ತಿರ ಬಂದರೆ ಹಳ್ಳಿ ಉದ್ಧಾರ ಅನ್ನುವವರು ಇದನ್ನು ನೋಡಬೇಕು.

ಬಿಳಿಗಿರಿರಂಗನ ಬೆಟ್ಟದ್ದು ಇನ್ನೊಂದು ಪಾಠ, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಕಹಿಯಾದದ್ದು. ಸೋಲಿಗರು ಹೆಜ್ಜೇನು, ಬೆಟ್ಟದ ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಪಾಚಿ ತಂದು ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಕೊಡುತ್ತಿದ್ದರು. ಅಲ್ಲಿಂದ ಅದು ಹಾಗೇ ವರ್ತಕರ ಕೈಗೆ. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. 1990ರ ದಶಕದಲ್ಲಿ ಕೇಂದ್ರದವರೂ ಪರಿಸರ ವಿಜ್ಞಾನಿಗಳೂ ಸೋಲಿಗರೂ ಸೇರಿ ಜೇನು ಸೋಸಿ ಬಾಟಲಿಗೆ ತುಂಬುವ, ನೆಲ್ಲಿಕಾಯಿಯಿಂದ ಉಪ್ಪಿನಕಾಯಿ ಮಾಡುವ ಘಟಕ ನಡೆಸಿದರು. ಯಂತ್ರ ಇತ್ತು, ತರಬೇತಿ ಇತ್ತು, ಪೇಟೆಯಲ್ಲಿ ಗಿರಾಕಿ ಇದ್ದರು. ನೆಲ್ಲಿ ಮರ ಎಷ್ಟು ಕಾಯಿ ಬಿಡುತ್ತೆ, ಎಷ್ಟು ಕಿತ್ತರೆ ಕಾಡಿಗೆ ಪೆಟ್ಟಿಲ್ಲ ಅಂತ ಲೆಕ್ಕ ಕೂಡ ಇಟ್ಟಿದ್ದರು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು, ಅಭಯಾರಣ್ಯದಿಂದ ಮಾರಾಟಕ್ಕೆ ಏನನ್ನೂ ತರುವಂತಿಲ್ಲ ಅಂತಾಯಿತು. ಕಾಯಿ ಮರದಲ್ಲೇ ಉಳಿಯಿತು, ಬಾಟಲಿ ಖಾಲಿ. ಎಲ್ಲವೂ ಇದ್ದು, ತಮ್ಮ ಕಾಡಿನ ನೆಲ್ಲಿಕಾಯಿ ತಮ್ಮದು ಅನ್ನುವ ಕಾಗದ ಒಂದು ಇರಲಿಲ್ಲ. ಆ ಕಾಗದ ಬಂದಿದ್ದು 2006ರ ಅರಣ್ಯ ಹಕ್ಕು ಕಾಯ್ದೆಯ ಬಲದಿಂದ, ಹೋರಾಟದ ನಂತರ: 2011ರ ಅಕ್ಟೋಬರ್ 2ರಂದು ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ದೇಶದಲ್ಲಿ ಮೊದಲ ಬಾರಿ.

ಈಗ ಮತ್ತೆ ಪಿಎಂಎಫ್‌ಎಂಇಗೆ ಬರ್ತೀನಿ. ಯಂತ್ರ, ಕಟ್ಟಡದ ವೆಚ್ಚಕ್ಕೆ ಶೇ. 35 ಸಹಾಯಧನ, ಗರಿಷ್ಠ 10 ಲಕ್ಷ. ಅದರ ಮೇಲೆ ನಮ್ಮ ರಾಜ್ಯ ಸರ್ಕಾರ ಇನ್ನೂ ಶೇ. 15 ಸೇರಿಸಿದೆ, ಕೆಪೆಕ್ ಮೂಲಕ ಜಾರಿ. ಅರವತ್ತು ಕಿಲೋಮೀಟರ್ ದೂರದ ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, ತಂತ್ರಜ್ಞಾನಕ್ಕೆ ಕೊರತೆಯಿಲ್ಲ. ಸ್ತ್ರೀಶಕ್ತಿ ಸಂಘದಂಥ ಸ್ವಸಹಾಯ ಗುಂಪಾದರೆ ದುಡಿಯುವ ಬಂಡವಾಳಕ್ಕೂ ಸಣ್ಣ ಸಲಕರಣೆಗೂ ಸೇರಿ ಸದಸ್ಯರೊಬ್ಬರಿಗೆ 40,000 ರೂಪಾಯಿ ಬೀಜಧನ. ನಾನು ಇದನ್ನು ಕೆಟ್ಟ ಯೋಜನೆ ಅನ್ನೋದಿಲ್ಲ, ಲೆಕ್ಕ ಮಾತ್ರ ಹಾಕಿ ನೋಡಿ. ಅರಿಶಿನ ಕಣಕ್ಕೆ ಬರೋದು ವರ್ಷಕ್ಕೊಮ್ಮೆ, ಜನವರಿಯಿಂದ ಮಾರ್ಚಿನ ಆಚೀಚೆ. ವರ್ಷಪೂರ್ತಿ ಪುಡಿ ಮಾಡಿ ಮಾರಬೇಕಾದರೆ ವರ್ಷದ ಸರಕನ್ನು ಆಗಲೇ ಕೊಂಡಿಡಬೇಕು. ಕ್ವಿಂಟಲಿಗೆ 12,000 ಅಂದುಕೊಂಡರೆ 40,000ಕ್ಕೆ ಬರೋದು ಮೂರು ಕ್ವಿಂಟಲ್ ಚಿಲ್ಲರೆ. ಹತ್ತು ಹೆಂಗಸರ ಸಂಘ ಅಷ್ಟೂ ದುಡ್ಡನ್ನು ಸರಕಿಗೇ ಹಾಕಿದರೂ 33 ಕ್ವಿಂಟಲ್. ಗಂಟೆಗೆ 50 ಕೆಜಿ ಪುಡಿ ಮಾಡುವ ಸಣ್ಣ ಯಂತ್ರ ಇದನ್ನು ಎಂಟೊಂಬತ್ತು ದಿನದಲ್ಲಿ ಮುಗಿಸಿಬಿಡುತ್ತೆ. ಆಮೇಲೆ ಅದರ ಮೇಲೆ ಗೋಣಿಚೀಲ ಮುಚ್ಚಿಡೋದು. ಇಂಥ ಮುಚ್ಚಿಟ್ಟ ಯಂತ್ರಗಳನ್ನು ನೀವು ಯಾವುದೇ ಜಿಲ್ಲೆಯಲ್ಲಿ ನೋಡಬಹುದು, ನೋಡಿದವರು ‘ಹಳ್ಳಿಯವರಿಗೆ ಉದ್ಯಮ ಮಾಡೋಕೆ ಬರಲ್ಲ’ ಅಂತ ಹೇಳೋದನ್ನೂ ಕೇಳಬಹುದು.

ತೆರಿಗೆಯದ್ದೂ ಒಂದು ಮಾತು. ಹಸಿ ಅರಿಶಿನಕ್ಕೆ ಜಿಎಸ್‌ಟಿ ಇಲ್ಲ, ಒಣಗಿಸಿದ್ದಕ್ಕೆ ಶೇ. 5. ಸ್ವಂತ ಬೆಳೆ ಮಾರುವ ರೈತರಿಗೆ ಇದು ನೇರವಾಗಿ ತಟ್ಟೋದಿಲ್ಲ ನಿಜ. ಆದರೂ ಉಪ್ಪಿನ ಸುಂಕ ತೆಗೆದ ಅಂಗಳಗಳ ಬಗ್ಗೆ ಓದಿದ ಮೇಲೆ, ಬೇಯಿಸಿ ಒಣಗಿಸಿದ ಕೂಡಲೇ ಸರಕು ತೆರಿಗೆಯ ಪಟ್ಟಿಗೆ ಬರುವುದು ನನಗೆ ಸರಿ ಕಾಣೋದಿಲ್ಲ.

ಕಾಯುವ ಶಕ್ತಿ ಕೊಡುವ ಕಾನೂನು ನಮ್ಮಲ್ಲಿ ಇಲ್ಲದೇ ಇಲ್ಲ. 2007ರ ಉಗ್ರಾಣ ಕಾಯ್ದೆಯ ಪ್ರಕಾರ, ನೋಂದಾಯಿತ ಗೋದಾಮಿನಲ್ಲಿ ಸರಕು ಇಟ್ಟರೆ ಸಿಗುವ ರಸೀದಿಯನ್ನು ಬ್ಯಾಂಕಿಗೆ ತೋರಿಸಿ ಸಾಲ ಪಡೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಆ ಸಾಲದ ಮೇಲೆ ಆರು ತಿಂಗಳ ತನಕ ಬಡ್ಡಿ ರಿಯಾಯಿತಿಯೂ ಉಂಟು. ಗೋದಾಮಿನವರು ತೂಕ, ಗುಣಮಟ್ಟ ಬರೆದೇ ರಸೀದಿ ಕೊಡಬೇಕು, ಆದ್ದರಿಂದ ಅಳೆಯುವ ಕೆಲಸವೂ ಅಲ್ಲೇ ಆಗುತ್ತೆ. ಫೆಬ್ರವರಿಯಲ್ಲಿ ಒಣಗಿದ ಅರಿಶಿನ ಹೀಗೆ ಆಗಸ್ಟ್ ತನಕ ಕೂರಬಹುದು, ಪಕ್ಕದ ಊರಿನ ಪುಡಿ ಮಾಡುವ ಸಂಘ ಅದನ್ನು ತಿಂಗಳಿಗಿಷ್ಟು ಅಂತ ಕೊಳ್ಳಬಹುದು, ರೈತರು ಮಾರ್ಚಿನ ಸಾಲವನ್ನು ರಸೀದಿಯ ಸಾಲದಲ್ಲಿ ತೀರಿಸಬಹುದು. ಇದಕ್ಕೆ ಬೇಕಾದ್ದು ಗುಂಡ್ಲುಪೇಟೆಯಲ್ಲೊಂದು, ಚಾಮರಾಜನಗರದಲ್ಲೊಂದು ನೋಂದಾಯಿತ ಗೋದಾಮು, ಹುಳ ಬೀಳದ ಹಾಗೆ ನೋಡಿಕೊಳ್ಳುವ ನಾಲ್ಕು ಜನ, ಕರ್ಕ್ಯುಮಿನ್ ಅಳೆಯುವ ಒಂದು ಸಣ್ಣ ಲ್ಯಾಬು. ಸಹಾಯಧನದ ಅರ್ಜಿಯಲ್ಲಿ ಪುಡಿ ಯಂತ್ರದ ಕೊಟೇಶನ್ ಲಗತ್ತಿಸಲು ಒಂದು ಕಾಲಂ ಇರುತ್ತೆ. ಆ ಯಂತ್ರಕ್ಕೆ ಏಪ್ರಿಲ್ ಆದ ಮೇಲೆ ಅರಿಶಿನ ಎಲ್ಲಿಂದ ಬರುತ್ತೆ ಅಂತ ಅದೇ ಅರ್ಜಿಯಲ್ಲಿ ಕೇಳಲಿ, ಉತ್ತರ ದಿಂಬಂ ಘಟ್ಟದ ಮೇಲಿನ ಯಾವುದಾದರೂ ಊರಿನ ಹೆಸರಾಗಿರಲಿ.